ಬಂಗಾರಮ್ಮನ ಮೆಟ್ಟಿಲು

ಮೊದಲ ಸಂಜೆ

ಹಳೇ ಮರ ಕಂಡರೆ ಬೆರಳ ಗೆಣ್ಣಿನಿಂದ ತಟ್ಟಿ ನೋಡುವುದು ನನಗೆ ಅಂಟಿಕೊಂಡುಬಿಟ್ಟಿರುವ ಚಟ. ಮದುವೆ ಮನೆಯಾದರೂ ಸರಿ, ಸಾವಿನ ಮನೆಯಾದರೂ ಸರಿ, ಕಂಬದ ಪಕ್ಕ ನಿಂತೆನೆಂದರೆ ಕೈ ಸುಮ್ಮನಿರುವುದಿಲ್ಲ. ಗಟ್ಟಿ ಸದ್ದು ಬಂದರೆ ಮರ ಚೆನ್ನಾಗಿದೆ, ಟೊಳ್ಳು ಸದ್ದು ಬಂದರೆ ಗೆದ್ದಲು ಒಳಗೆ ಊಟ ಮುಗಿಸಿ ಕೈ ತೊಳೆದಿದೆ ಎಂದರ್ಥ. ಆಲ್ದೂರಿನಲ್ಲಿ ನನ್ನದು ಹಳೇ ಮರದ ಅಂಗಡಿ. ಕೆಡವಿದ ಮನೆಗಳ ಬಾಗಿಲು, ಕಂಬ, ತೊಲೆ, ಕಿಟಕಿಗಳನ್ನು ಕೊಂಡು, ತಿಕ್ಕಿ ತೊಳೆದು, ಎಣ್ಣೆ ಹಚ್ಚಿ ಹೋಂಸ್ಟೇಯವರಿಗೂ ರೆಸಾರ್ಟಿನವರಿಗೂ ಮಾರುತ್ತೇನೆ. ಸುತ್ತಮುತ್ತ ಯಾರ ಮನೆ ಬೀಳುವುದಿದ್ದರೂ ಎಲ್ಲರಿಗಿಂತ ಮೊದಲು ಸುದ್ದಿ ಬರುವುದು ನನಗೆ. ನನ್ನನ್ನು ಕಂಡರೆ ಕೆಲವರು ಮುಖ ತಿರುಗಿಸಿಕೊಂಡು ಹೋಗುವುದೂ ಅದಕ್ಕೇ.

ಲಾವೋಸ್ ದೇಶದ ಲುವಾಂಗ್ ಪ್ರಬಾಂಗ್ ಊರಿಗೆ ಹೋದ ಮೊದಲ ಸಂಜೆಯೇ ಈ ಚಟದಿಂದ ಫಜೀತಿಯಾಯಿತು. ಇಟ್ಟಿಗೆ ಹಾಸಿದ ಒಂದು ಓಣಿ. ಎರಡೂ ಬದಿಗೆ ಹೆಂಚಿನ ಮನೆಗಳು, ಕೆಳಗೆ ಗಾರೆಯ ಗೋಡೆ, ಮೇಲೆ ಮರದ ಅಂತಸ್ತು, ನೀಲಿ ಹಸಿರು ಕಿಟಕಿ ಬಾಗಿಲು. ಫ್ರೆಂಚರು ಆಳುತ್ತಿದ್ದ ಕಾಲದಲ್ಲಿ ಕಟ್ಟಿದವು. ಅದರಲ್ಲಿ ಒಂದು ಮನೆಯ ಮುಂದೆ ಎಂಥಾ ಕಂಬಗಳಿದ್ದವೆಂದರೆ, ನಾನು ದಾರಿಯಲ್ಲೇ ನಿಂತುಬಿಟ್ಟೆ. ತೇಗ. ಒಂದೇ ಮರದ ಮೈ. ತಟ್ಟಿದೆ. ದೇವರಾಣೆ, ಗಂಟೆಯಂಥ ಸದ್ದು. ಇನ್ನೊಂದು ಸಲ ತಟ್ಟಿದೆ. ಬಾಗಿಲು ತೆರೆದು ರೇಷ್ಮೆ ಉಟ್ಟ ಹುಡುಗಿಯೊಬ್ಬಳು ಕೈ ಮುಗಿದು, "ಸ್ವಾಗತ ಮೇಡಂ, ನಿಮ್ಮ ರೂಮು ಯಾವ ಹೆಸರಿನಲ್ಲಿದೆ?" ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಅದು ಹೋಟೆಲು!

"ಕಂಬ ತಟ್ಟಿದ್ರೆ ಬಾಗಿಲು ತೆಗಿತಾರೆ ಮಾರಾಯ್ತಿ ಇಲ್ಲಿ. ಇನ್ನೂ ಎರಡು ತಟ್ಟಿದ್ರೆ ಊಟಕ್ಕೂ ಕರೀತಿದ್ರೋ ಏನೋ" ಎಂದು ಅತ್ತಿಗೆ ಸೆರಗು ಬಾಯಿಗಿಟ್ಟುಕೊಂಡು ನಕ್ಕರು.

ಅತ್ತಿಗೆ ಎಂದರೆ ನನ್ನ ಅಣ್ಣನ ಹೆಂಡತಿ. ಅಣ್ಣ ಕಾಫಿ ಮಂಡಿ ಬಿಟ್ಟು ಚಿಕ್ಕಮಗಳೂರಿಗೆ ಹೋಗುವುದೂ ಕಷ್ಟ. ವಿದೇಶದ ಮಾತು ದೂರ. "ನೀನೇ ಕರ್ಕೊಂಡು ಹೋಗು ಗೌರಿ, ಬುದ್ಧನ ಕ್ಷೇತ್ರ ಅಂತೆ, ಕಣ್ತುಂಬ ನೋಡ್ಲಿ" ಎಂದು ಅತ್ತಿಗೆಯನ್ನು ನನ್ನ ಜೊತೆ ಹೊರಡಿಸಿದ್ದ. ನನಗೆ ಕ್ಷೇತ್ರಕ್ಕಿಂತ ಮನೆಗಳದ್ದೇ ಆಸೆ. ಗೋಣಿಬೀಡಿನ ಹತ್ತಿರ ರೆಸಾರ್ಟು ಕಟ್ಟಿಸುತ್ತಿರುವ ನಮ್ಮ ಗಿರಾಕಿಯೊಬ್ಬರು, "ಹಳೇ ಪೇಟೆ ಹೇಗೆ ಉಳಿಸ್ಕೋಬೇಕು ಅಂತ ಆ ಊರು ನೋಡಿ ಕಲೀಬೇಕು ಗೌರಮ್ಮ. ಅಲ್ಲಿ ಒಂದು ಹೆಂಚು ಬದಲಾಯಿಸ್ಬೇಕಾದ್ರೂ ಕೇಳ್ಬೇಕಂತೆ" ಎಂದು ತಲೆಗೆ ಹುಳು ಬಿಟ್ಟಿದ್ದರು. ಅವರು ನನ್ನ ಹತ್ತಿರ ಇನ್ನೊಂದು ಮಾತನ್ನೂ ಕೇಳಿದ್ದರು. ನಮ್ಮ ತವರುಮನೆಯ ಜಗಲಿಯ ನಾಲ್ಕು ಹೊನ್ನೆ ಕಂಬ ತಮಗೇ ಬೇಕು ಎಂದು.

ಆಲ್ದೂರು ಪೇಟೆಯ ಆ ಮನೆಯಲ್ಲಿ ಈಗ ಅಣ್ಣ, ಅತ್ತಿಗೆ ಇದ್ದಾರೆ. ರಸ್ತೆ ಅಗಲ ಮಾಡುವವರು ಬಂದು ಜಗಲಿಯ ಕಲ್ಲಿಗೆ ಕೆಂಪು ಬಣ್ಣದಲ್ಲಿ ಗೆರೆ ಎಳೆದು ಹೋಗಿದ್ದರು. ಜಗಲಿ ಹೋಗುತ್ತದೆ, ಒಳಮನೆ ಉಳಿಯುತ್ತದೆ. ಕಂಬ ಹೇಗೂ ಕೀಳಬೇಕಲ್ಲ, ಸೌದೆಯಾಗುವುದಕ್ಕಿಂತ ಒಳ್ಳೇ ಕಡೆ ನಿಲ್ಲಲಿ ಎಂದು ಅಣ್ಣ ಒಪ್ಪಿದ್ದ. ಅತ್ತಿಗೆ ಹೂಂ ಅಂದಿರಲಿಲ್ಲ, ಉಹೂಂ ಅಂದಿರಲಿಲ್ಲ.

ನಾಮ್ ಖಾನ್ ಹೊಳೆಯ ಬದಿ

ನಾವು ಇಳಿದುಕೊಂಡದ್ದು ಹೊಳೆಬದಿಯ ಸಣ್ಣದೊಂದು ಗೆಸ್ಟ್‌ಹೌಸು. ಅದನ್ನು ನಡೆಸುವ ನೊಯ್ ನನ್ನದೇ ವಯಸ್ಸಿನ ಹೆಂಗಸು, ಹಿಂದೆ ಪ್ರವಾಸಿಗರಿಗೆ ಗೈಡ್ ಆಗಿದ್ದವಳು. ಅವಳ ಇಂಗ್ಲಿಷೂ ನನ್ನ ಇಂಗ್ಲಿಷೂ ಒಂದೇ ಮಟ್ಟದವಾದ್ದರಿಂದ ಮಾತು ಸಲೀಸಾಗಿ ನಡೆಯಿತು. ಬೆಳಗ್ಗೆ ಅವಳು ಕೊಟ್ಟ ಕಾಫಿಯ ತಳದಲ್ಲಿ ಎರಡು ಬೆರಳು ಗಟ್ಟಿ ಹಾಲು, ಮೇಲೆ ಕಪ್ಪು ಡಿಕಾಕ್ಷನ್ನು. ಅತ್ತಿಗೆ ಕಲಸಿ ಒಂದು ಗುಟುಕು ಕುಡಿದು, "ಇದೆಂಥದೇ, ಕಾಫಿಯೋ ಪಾಯಸವೋ? ರೊಬಸ್ಟಾ ಬೀಜದ್ದು ಹೌದು ಮತ್ತೆ" ಎಂದರು. ಕಾಫಿ ಸೀಮೆಯವರು ಎಲ್ಲಿಗೆ ಹೋದರೂ ಇದೊಂದು ದೊಡ್ಡಸ್ತಿಕೆ ಬಿಡುವುದಿಲ್ಲ. ಬಯ್ದುಕೊಂಡೇ ಇನ್ನೊಂದು ಲೋಟ ಕುಡಿದರು.

ಹಿಂದಿನ ಸಂಜೆಯ ಕಂಬಗಳ ವಿಷಯ ತೆಗೆದೆ. ನೊಯ್ ಲೋಟ ಕೆಳಗಿಟ್ಟಳು.

"ಅದು ನಮ್ಮ ಚಿಕ್ಕಮ್ಮನ ಮನೆ" ಎಂದಳು.

ಅವಳ ಚಿಕ್ಕಮ್ಮನ ಹೆಸರು ಖಮ್. ಅವರ ಭಾಷೆಯಲ್ಲಿ ಖಮ್ ಎಂದರೆ ಚಿನ್ನ. "ಹಂಗಾದ್ರೆ ನಮ್ಮ ಬಂಗಾರಮ್ಮ ಅನ್ನು" ಎಂದು ಅತ್ತಿಗೆ ಅಲ್ಲೇ ನಾಮಕರಣ ಮಾಡಿಬಿಟ್ಟರು. ಆಮೇಲೆ ನಮ್ಮಿಬ್ಬರ ಬಾಯಲ್ಲಿ ಬೇರೆ ಹೆಸರು ಬರಲಿಲ್ಲ.

ಬಂಗಾರಮ್ಮನ ಮನೆಯ ಮಾಡು ಸೋರತೊಡಗಿತ್ತಂತೆ. ಹಳೇ ಪೇಟೆಯಲ್ಲಿ ಮನೆ ಇರುವವರು ಮನಸ್ಸಿಗೆ ಬಂದಂತೆ ರಿಪೇರಿ ಮಾಡುವ ಹಾಗಿಲ್ಲ. ಹಳೇ ಅಳತೆಯದೇ ಹೆಂಚು ಬೇಕು, ಮರಕ್ಕೆ ಮರವೇ ಬೇಕು, ಬಿದಿರು ಹೆಣೆದು ಮಣ್ಣು ಮೆತ್ತಿದ ಗೋಡೆಗೆ ಸುಣ್ಣದ ಗಾರೆಯೇ ಬೇಕು. ತಗಡು ಹೊದಿಸಿ ಈ ಮಳೆಗಾಲ ಕಳೆದರೆ ಸಾಕು ಎನ್ನುವ ನಮ್ಮೂರಿನ ಉಪಾಯ ಅಲ್ಲಿ ನಡೆಯುವುದಿಲ್ಲ. ನನಗೆ ಆ ನಿಯಮ ಕೇಳಿ ಖುಷಿಯೇ ಆಯಿತು; ಇಂಥದ್ದೊಂದು ನಮ್ಮಲ್ಲಿ ಇದ್ದಿದ್ದರೆ ನನ್ನ ಶೆಡ್ಡಿನಲ್ಲಿ ಅಷ್ಟೊಂದು ಬಾಗಿಲುಗಳು ಗೋಡೆಗೆ ಒರಗಿ ನಿಂತಿರುತ್ತಿರಲಿಲ್ಲ. ಆದರೆ ಗಂಡ ಸತ್ತ ಮೇಲೆ ಬಂಗಾರಮ್ಮನಿಗೆ ಅಂಥ ರಿಪೇರಿ ಕೈಗೆ ಎಟುಕುವುದಾಗಿರಲಿಲ್ಲ. ಹೋಟೆಲಿನವರು ಬಂದು ದೀರ್ಘ ಕಾಲದ ಗುತ್ತಿಗೆಗೆ ಕೇಳಿದರು. ಕೊಟ್ಟಳು.

"ಮನೆ ಬಿದ್ದು ಹೋಗಬಾರದು ಅಂತಲೇ ಮನೆ ಬಿಟ್ಟಳು. ಈಗ ಊರಾಚೆ ಇದ್ದಾಳೆ. ಆದರೆ ದಿನಾ ಬೆಳಗ್ಗೆ ಬರುತ್ತಾಳೆ. ನಾಳೆ ನಿಮ್ಮನ್ನೂ ಕರೆದುಕೊಂಡು ಹೋಗುತ್ತೇನೆ" ಎಂದಳು ನೊಯ್.

ಆ ಹೊತ್ತಿಗೆ ಸರಿಯಾಗಿ ಗೋಣಿಬೀಡಿನ ಗಿರಾಕಿಯ ಫೋನು. "ಫೋಟೋ ತೆಗೆದ್ರಾ ಗೌರಮ್ಮ? ಕಂಬದ ವಿಷಯ ಏನ್ಮಾಡಿದ್ರಿ? ಮಳೆಗೆ ಮುಂಚೆ ನಿಲ್ಲಿಸ್ಬೇಕಿತ್ತು." ಬಂದ ಮೇಲೆ ಮಾತಾಡೋಣ ಎಂದು ಇಟ್ಟೆ. ಅತ್ತಿಗೆ ಹೊಳೆ ನೋಡುತ್ತಾ ಕುಳಿತಿದ್ದರು.

ಹೋಟೆಲಿನ ಒಳಗೆ

ಅಂದು ಮಧ್ಯಾಹ್ನ ನಾಚಿಕೆ ಬಿಟ್ಟು ಆ ಹೋಟೆಲಿಗೇ ಹೋಗಿ, ನಾನು ಇಂಥ ವ್ಯಾಪಾರದವಳು, ಮನೆ ನೋಡಬಹುದೇ ಎಂದು ಕೇಳಿದೆ. ಮ್ಯಾನೇಜರು ಯೂರೋಪಿನ ಯಾವುದೋ ದೇಶದವನು, ತೆಳ್ಳಗೆ ಉದ್ದಕ್ಕೆ, ಮಾತು ಮೆದು. ಕೆಟ್ಟವನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದಿನದನ್ನು ಓದುವಾಗ ಅವನನ್ನು ಬಯ್ಯಬೇಕೆನಿಸುತ್ತದೆ, ನನಗೂ ಅನಿಸಿತ್ತು. ಗೋಡೆಯ ಒಂದು ಕಡೆ ಗಾರೆ ಹಚ್ಚದೆ ಗಾಜು ಕೂರಿಸಿ ಒಳಗಿನ ಬಿದಿರ ಹೆಣಿಗೆ ಕಾಣುವಂತೆ ಬಿಟ್ಟಿದ್ದ. "ಮೊಳೆ ಕೂಡ ಹಳೆಯವೇ. ತೆಗೆದು, ನೆಟ್ಟಗೆ ಮಾಡಿ, ಮತ್ತೆ ಹೊಡೆದೆವು" ಎಂದ. ಹೆಂಚು ತೆಗೆಯುವಾಗ ಯಾವುದು ಯಾವ ಸಾಲಿನದು ಎಂದು ಗುರುತು ಹಾಕಿ, ಅದೇ ಸಾಲಿಗೆ ಹೊದಿಸಿದ್ದರಂತೆ.

ನನಗೆ ಹೊಟ್ಟೆಕಿಚ್ಚಾಯಿತು. ಇಷ್ಟು ವರ್ಷ ಮನೆಗಳನ್ನು ಬಿಚ್ಚಿದವಳು ನಾನು, ಒಂದನ್ನೂ ಹೀಗೆ ಜೋಡಿಸಿ ನಿಲ್ಲಿಸಲಿಲ್ಲ. ಕಣ್ಣು ತುಂಬಿ ಬಂತು. ಅತ್ತಿಗೆ ಮಾತ್ರ ಒಂದೊಂದು ಕೋಣೆಗೂ ಇಣುಕಿ ನೋಡಿ ಮೆಲ್ಲಗೆ ಕೇಳಿದರು: "ದೇವರ ಗೂಡು ಎಲ್ಲಿತ್ತೋ? ಒಲೆ ಎಲ್ಲಿತ್ತೋ? ಗೊತ್ತೇ ಆಗಲ್ವಲ್ಲ ಗೌರಿ."

ಮುಂದಿನ ಮೆಟ್ಟಿಲ ಬದಿಗೆ ಒಂದು ದೇವಕಣಗಿಲೆ ಮರ. ನಮ್ಮಲ್ಲಿ ದೇವಸ್ಥಾನದ ಅಂಗಳದಲ್ಲಿ ಇರುತ್ತದಲ್ಲ, ಅದೇ, ಬಿಳಿ ಹೂವಿನದು. ಬುಡದಲ್ಲಿ ದುಂಡು ಕಲ್ಲು ಜೋಡಿಸಿ ಸಣ್ಣ ದೀಪಗಳನ್ನು ಹೂತಿದ್ದರು.

ಮೆಟ್ಟಿಲು

ಮರುದಿನ ಇನ್ನೂ ಮಬ್ಬಿರುವಾಗ ನೊಯ್ ಜೊತೆ ಹೋದೆವು. ಬಂಗಾರಮ್ಮ ಆಗಲೇ ಬಂದು ಮೆಟ್ಟಿಲಿನ ಮುಂದೆ ಚಾಪೆ ಹಾಸಿ, ಚಪ್ಪಲಿ ಬಿಟ್ಟು, ಮಂಡಿಯೂರಿ ಕುಳಿತಿದ್ದಳು. ಪುಟ್ಟ ಜೀವ. ಎಡ ಹೆಗಲ ಮೇಲೆ ಅಡ್ಡಲಾಗಿ ಒಂದು ಉತ್ತರೀಯ. ಮುಂದೆ ಬಿದಿರಿನ ಡಬ್ಬಿಯಲ್ಲಿ ಹಬೆಯಾಡುವ ಅಂಟಕ್ಕಿಯ ಅನ್ನ, ಪಕ್ಕದಲ್ಲಿ ಒಂದು ಸಣ್ಣ ಹೂಜಿ ನೀರು. ನಮ್ಮನ್ನು ನೋಡಿ ನಕ್ಕಳು. ಅತ್ತಿಗೆಯ ಸೆರಗನ್ನು ತಾನೇ ಸರಿಮಾಡಿ, ಇದೇ ಸಾಕು ಎನ್ನುವಂತೆ ತಲೆಯಾಡಿಸಿ, ಪಕ್ಕದಲ್ಲಿ ಕೂರಿಸಿಕೊಂಡಳು. ಭಾಷೆ ಗೊತ್ತಿಲ್ಲದ ಇಬ್ಬರು ಹೆಂಗಸರು ಅಷ್ಟು ಬೇಗ ಒಂದಾದದ್ದನ್ನು ನಾನು ನೋಡಿರಲಿಲ್ಲ. ನನಗೆ ಮಂಡಿನೋವು, ಹಿಂದೆ ನಿಂತೆ.

ನೊಯ್ ಪಿಸುಮಾತಿನಲ್ಲಿ ಹೇಳಿದಳು. ಓಣಿಯ ಕೊನೆಯ ದೇವಸ್ಥಾನದ ಭಿಕ್ಷುಗಳು ಬೆಳಗ್ಗೆ ಭಿಕ್ಷೆಗೆ ಬರುತ್ತಾರೆ, ಹಿರಿಯರು ಮುಂದೆ. ಮೊದಲು ಈ ಓಣಿಯ ಪ್ರತಿ ಮನೆಯ ಮುಂದೂ ಜನ ಕೂರುತ್ತಿದ್ದರು. ಈಗ ಮನೆಗಳೆಲ್ಲ ಹೋಟೆಲು, ಕಾಫಿ ಅಂಗಡಿ. ಮನೆಯವರಾಗಿ ಕೂರುವವಳು ಚಿಕ್ಕಮ್ಮ ಒಬ್ಬಳೇ. ಅನ್ನ ಕೊಟ್ಟಾದ ಮೇಲೆ ಸತ್ತವರ ಹೆಸರು ಹೇಳಿ ನೀರನ್ನು ಮರದ ಬುಡಕ್ಕೆ ಹೊಯ್ಯಬೇಕು, ಆಗ ಆ ಪುಣ್ಯ ಅವರಿಗೆ ಮುಟ್ಟುತ್ತದೆ. ಆ ದೇವಕಣಗಿಲೆಯನ್ನು ನೆಟ್ಟವನು ಅವಳ ಗಂಡ ಬುನ್‌ಮಾ. ಬೇರೆಲ್ಲಿ ಹೊಯ್ದರೂ ಗಂಡನಿಗೆ ಸಿಕ್ಕಿತೋ ಇಲ್ಲವೋ ಎಂದು ಅವಳಿಗೆ ಸಂಶಯವಂತೆ. ಮನೆ ಕೊಡುವಾಗ, ಬೆಳಗ್ಗೆ ಬಂದು ಕೂರುತ್ತೇನೆ ಎಂದು ಬಾಯಿಮಾತಿನಲ್ಲಿ ಕೇಳಿಕೊಂಡಿದ್ದಳು. ಆಗಿದ್ದ ಮ್ಯಾನೇಜರು ಆಗಲಿ ಅಂದಿದ್ದ. ಈಗ ಇರುವವನು ಬೇರೆ.

ಅಷ್ಟರಲ್ಲಿ ಕಾವಿಯ ಸಾಲು ಕಾಣಿಸಿತು. ಬರಿಗಾಲು, ಹೆಗಲಿಗೆ ಭಿಕ್ಷಾಪಾತ್ರೆ. ಒಂದು ಮಾತಿಲ್ಲ. ಹೋಟೆಲಿನ ಅತಿಥಿಗಳು ನಾಲ್ಕಾರು ಮಂದಿ ಕ್ಯಾಮೆರಾ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಎಲ್ಲರಿಗಿಂತ ಮುಂದಿದ್ದ ಮುದುಕ ಭಿಕ್ಷು ಬಂದು ನಿಂತು ಮುಚ್ಚಳ ತೆಗೆದರು. ಬಂಗಾರಮ್ಮ ಒಂದು ತುತ್ತು ಅನ್ನ ಹಾಕಿದಳು. ಅತ್ತಿಗೆಯೂ ಹಾಕಿದರು. ಹಾಕಿದವರು ಸುಮ್ಮನಿರಬೇಕಲ್ಲ!

ನಮ್ಮ ತವರುಮನೆಗೆ ಸೋಮವಾರ ಸೋಮವಾರ ಜಂಗಮ ಅಯ್ಯನವರು ಭಿಕ್ಷೆಗೆ ಬರುತ್ತಾರೆ. ಜೋಳಿಗೆಗೆ ಅಕ್ಕಿ ಹಾಕಿ, ಬಗ್ಗಿ, ಅವರ ಪಾದ ಮುಟ್ಟಿ ಕಣ್ಣಿಗೆ ಒತ್ತಿಕೊಂಡರೇ ಭಿಕ್ಷೆ ಪೂರ್ತಿಯಾಗುವುದು. ಈ ಮನೆಗೆ ಸೊಸೆಯಾಗಿ ಬಂದಂದಿನಿಂದ ಅತ್ತಿಗೆ ಅದನ್ನು ಬಿಟ್ಟವರಲ್ಲ. ಕೈ ತಾನಾಗಿ ಮಾಡಿತು. ಕಣ್ಣು ಮುಚ್ಚಿ, ಮುಂದಕ್ಕೆ ಬಾಗಿ, ಆ ಭಿಕ್ಷುವಿನ ಎರಡೂ ಪಾದಗಳನ್ನು ಭದ್ರವಾಗಿ ಹಿಡಿದುಕೊಂಡುಬಿಟ್ಟರು.

ಅಲ್ಲಿ ಹೆಂಗಸರು ಭಿಕ್ಷುಗಳನ್ನು ಮುಟ್ಟುವಂತಿಲ್ಲ. ಬಟ್ಟೆಯ ಅಂಚೂ ತಾಗಬಾರದು. ಭಿಕ್ಷು ಬೆಚ್ಚಿ ಹಿಂದೆ ಸರಿದರು, ಹಿಂದಿನವರಿಗೆ ಡಿಕ್ಕಿಯಾಯಿತು, ಯಾರದೋ ಪಾತ್ರೆಯ ಮುಚ್ಚಳ ಇಟ್ಟಿಗೆಯ ಮೇಲೆ ಬಿದ್ದು ಠಣಠಣ ಉರುಳಿತು. ಅನ್ನದ ಉಂಡೆಗಳು ನೆಲದ ಮೇಲೆ. ಕ್ಯಾಮೆರಾಗಳು ಟಕಟಕ. ನೊಯ್ ಬಾಯಿ ಮೇಲೆ ಕೈಯಿಟ್ಟುಕೊಂಡಳು. ಬಂಗಾರಮ್ಮ ಹಣೆ ನೆಲಕ್ಕೆ ತಾಗಿಸಿ ಏನೋ ಬೇಡಿಕೊಳ್ಳುತ್ತಿದ್ದಳು, ಅತ್ತಿಗೆಯ ಪರವಾಗಿ.

"ಏನಾಯ್ತೇ? ನಾನೇನ್ ಮಾಡ್ದೆ?" ಎಂದು ಅತ್ತಿಗೆ ನನ್ನ ಮುಖ ನೋಡಿದರು. ಹೇಳಿದ ಮೇಲೆ ಅವರ ಮುಖ ಇದ್ದ ರೀತಿಯನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಓಣಿಯ ಕೊನೆಯ ದೇವಸ್ಥಾನ

ಹೂವು, ಮೇಣದ ಬತ್ತಿ ಹಿಡಿದು ತಪ್ಪು ಕೇಳಿಕೊಳ್ಳಲು ನಾವು ನಾಲ್ವರೂ ದೇವಸ್ಥಾನಕ್ಕೆ ಹೋದೆವು. ಆ ಮುದುಕ ಭಿಕ್ಷು ಅಂಗಳ ಗುಡಿಸುತ್ತಿದ್ದರು. ಅತ್ತಿಗೆ ಅಷ್ಟು ದೂರದಲ್ಲೇ ನೆಲಕ್ಕೆ ಬಾಗಿದರು. ನೊಯ್ ಎಲ್ಲವನ್ನೂ ವಿವರಿಸಿದಳು. ಅವರು ಗಮನವಿಟ್ಟು ಕೇಳಿ, "ನಿಮ್ಮ ಊರಿನಲ್ಲಿ ಕಾಲು ಮುಟ್ಟುತ್ತಾರಾ?" ಎಂದು ಕೇಳಿದರು. ಹೌದು ಎಂದೆ. "ಹಾಗಾದರೆ ನೀವು ಸರಿಯಾಗಿಯೇ ಕೊಟ್ಟಿದ್ದೀರಿ" ಎಂದರು. ಬೇಸರದ ಸುಳಿವೂ ಇರಲಿಲ್ಲ. ಆದರೆ ಬಂಗಾರಮ್ಮನ ಕಡೆ ನೋಡಿ ಲಾವೋ ಭಾಷೆಯಲ್ಲಿ ಏನೋ ಕೇಳಿದರು, ಅವಳು ತಲೆ ತಗ್ಗಿಸಿದಳು. ಹೊರಗೆ ಬಂದ ಮೇಲೆ ನೊಯ್ ಹೇಳಿದಳು: "ಹೋಟೆಲಿನವರು ನೋಡಿದರಾ ಅಂತ ಕೇಳಿದರು."

ನೋಡಿದ್ದರು. ಮ್ಯಾನೇಜರು ಮೆಟ್ಟಿಲ ಹತ್ತಿರವೇ ನಮಗಾಗಿ ಕಾಯುತ್ತಿದ್ದ. ಅತ್ತಿಗೆಯನ್ನು ಬಯ್ಯಲಿಲ್ಲ, ದನಿ ಏರಿಸಲಿಲ್ಲ. ಈ ಸಂಪ್ರದಾಯಕ್ಕೆ ಅಗೌರವ ಆಗಬಾರದು, ಅದನ್ನು ಕಾಪಾಡುವುದು ನಮ್ಮ ಹೊಣೆ ಎಂದ. ನಾಳೆಯಿಂದ ಮನೆಯ ಮುಂದೆ ಹಗ್ಗ ಕಟ್ಟಿ, ತರಬೇತಿ ಕೊಟ್ಟ ಸಿಬ್ಬಂದಿಯ ಜೊತೆ ತಮ್ಮ ಅತಿಥಿಗಳನ್ನು ಮಾತ್ರ ಕೂರಿಸುತ್ತಾರಂತೆ. ಖಮ್ ಅವರು ಬೇಕಾದರೆ ಎದುರು ಬದಿಯ ಗೋಡೆ ಹತ್ತಿರ ಕೂರಬಹುದು, ಚಾಪೆಯನ್ನು ಹೋಟೆಲೇ ಕೊಡುತ್ತದೆ.

ತಪ್ಪು ಮಾಡಿದ್ದು ನಾವು, ಅವಳಲ್ಲ ಎಂದು ನಾನು ನನ್ನ ಇಂಗ್ಲಿಷಿನಲ್ಲಿ ಜಗಳಕ್ಕೇ ನಿಂತೆ. "ಅರ್ಥವಾಗುತ್ತದೆ ಮೇಡಂ" ಎಂದ ಅವನು. ಅವನಿಗೆ ನಿಜವಾಗಿಯೂ ಅರ್ಥವಾಗಿತ್ತು ಎಂದೇ ಕಾಣುತ್ತದೆ. ಅದರಿಂದ ಏನೂ ಬದಲಾಗಲಿಲ್ಲ.

ಬಂಗಾರಮ್ಮ ಮಾತ್ರ ಒಂದೇ ಒಂದು ಕೇಳಿದಳು, ನೊಯ್ ತರ್ಜುಮೆ ಮಾಡಿದಳು. "ಎದುರು ಬದಿಯಲ್ಲೇ ಕೂರುತ್ತೇನೆ. ಆಮೇಲೆ ಬಂದು ಮರಕ್ಕೆ ನೀರು ಹೊಯ್ದು ಹೋಗಲಾ?"

ಮ್ಯಾನೇಜರು ಮರದ ಬುಡವನ್ನು ನೋಡಿದ. ಅವನ ಮುಖವೂ ಸಣ್ಣಗಾಯಿತು. "ಅಲ್ಲಿ ದೀಪದ ತಂತಿಗಳಿವೆ. ಮರಕ್ಕೆ ವಯಸ್ಸಾಗಿದೆ, ನೀರನ್ನು ಅಳತೆ ಮೇಲೆ ಕೊಡುತ್ತಿದ್ದೇವೆ. ಹೆಚ್ಚಾದರೆ ಬೇರು ಕೊಳೆಯುತ್ತದೆ. ಅದು ಅವರ ಮರ ಅಂತಲೇ ನಾವು ಅಷ್ಟು ಜೋಪಾನ ಮಾಡುತ್ತಿರುವುದು, ದಯವಿಟ್ಟು ಹೇಳಿ."

ನೊಯ್ ಅದನ್ನು ಪೂರ್ತಿ ಹೇಳಿದಳೋ ಇಲ್ಲವೋ. ಬಂಗಾರಮ್ಮ ಹೂಜಿಯನ್ನು ಎದೆಗೊತ್ತಿಕೊಂಡು, ನಮಗೆಲ್ಲ ಕೈ ಮುಗಿದು, ಒಬ್ಬಳೇ ನಡೆದು ಹೋದಳು. ಅಂದು ಬೆಳಗಿನ ಗಲಾಟೆಯಲ್ಲಿ ಅವಳು ನೀರು ಹೊಯ್ದೇ ಇರಲಿಲ್ಲ. ಅದು ನನಗೆ ಹೊಳೆದದ್ದು ಅವಳು ಓಣಿ ತಿರುಗಿದ ಮೇಲೆ.

ಅತ್ತಿಗೆ ಅಂದು ಊಟ ಮಾಡಲಿಲ್ಲ. "ನಾ ಬರ್ಬಾರ್ದಿತ್ತು ಗೌರಿ. ಭಕ್ತಿ ಅಂತ ಹೋಗಿ ಒಬ್ಬರ ಹೊಟ್ಟೆಗೆ ಬೆಂಕಿ ಇಟ್ಟೆ."

"ನೀವು ಮಾಡದಿದ್ರೂ ಇವತ್ತಲ್ಲ ನಾಳೆ ಅವ್ರು ಹಂಗೇ ಮಾಡ್ತಿದ್ರು ಅತ್ತಿಗೆ."

"ಆ ನಾಳೆ ನಾಳೆಗೇ ಬರ್ಬಹುದಿತ್ತಲ್ಲ."



ಕೊನೆಯ ಬೆಳಗು

ಹೊರಡುವ ದಿನ ಬೆಳಗ್ಗೆ ಮತ್ತೆ ಅಲ್ಲಿಗೆ ಹೋದೆವು. ಯಾಕೆ ಎಂದು ಕೇಳಿದರೆ ಹೇಳಲಾರೆ, ಕಾಲು ಹೋಯಿತು. ಬಂಗಾರಮ್ಮ ಎದುರು ಬದಿಗೆ ಬಂದಿರಲಿಲ್ಲ. ಹೋಟೆಲಿನ ಮುಂದೆ ಕೆಂಪು ಹಗ್ಗ. ಅದರಾಚೆ ಅತಿಥಿಗಳು ಸಾಲಾಗಿ, ಎಲ್ಲರಿಗೂ ಒಂದೇ ಬಣ್ಣದ ಉತ್ತರೀಯ, ಒಂದೇ ಅಳತೆಯ ಡಬ್ಬಿ. ಶಿಸ್ತಾಗಿ, ಗೌರವದಿಂದಲೇ ಕುಳಿತಿದ್ದರು, ತಪ್ಪು ಹೇಳಲಾರೆ. ಮೆಟ್ಟಿಲ ಮುಂದಿನ ಜಾಗದಲ್ಲಿ ಮಾತ್ರ ಯಾರೂ ಕೂತಿರಲಿಲ್ಲ. ಮರವೂ ಕಂಬಗಳೂ ಫೋಟೋದಲ್ಲಿ ಚೆನ್ನಾಗಿ ಬರಲಿ ಎಂದು ಬಿಟ್ಟಿದ್ದರೋ ಏನೋ.

ಸಾಲು ಬಂತು. ಮುದುಕ ಭಿಕ್ಷು ಅತಿಥಿಗಳ ಅನ್ನವನ್ನೆಲ್ಲ ಸ್ವೀಕರಿಸುತ್ತಾ ಬಂದು, ಮೆಟ್ಟಿಲ ಮುಂದೆ ನಿಂತರು. ಅಲ್ಲಿ ಯಾರೂ ಇಲ್ಲ. ಅವರು ಮುಚ್ಚಳ ತೆಗೆದರು. ತಲೆ ತಗ್ಗಿಸಿ ನಿಂತೇ ಇದ್ದರು. ಹಿಂದಿನವರೆಲ್ಲ ನಿಂತರು. ಕ್ಯಾಮೆರಾಗಳೂ ಸುಮ್ಮನಾದವು. ಎಷ್ಟೋ ವರ್ಷ ದಿನಾ ನಿಂತ ಜಾಗ, ಕಾಲಿಗೆ ಗೊತ್ತಿತ್ತು. ಆಮೇಲೆ ಮೆಲ್ಲಗೆ ಮುಚ್ಚಳ ಹಾಕಿ ಮುಂದೆ ನಡೆದರು.

ಅತ್ತಿಗೆ ಎದುರು ಗೋಡೆಗೆ ಒರಗಿ ಬಿಕ್ಕಿ ಬಿಕ್ಕಿ ಅತ್ತರು. ನಾನೂ ಅತ್ತೆ. ಎದುರಿಗೆ ಆ ಮನೆ ಬೆಳಗಿನ ಬೆಳಕಿನಲ್ಲಿ ಒಂದು ಹೆಂಚೂ ಸರಿಯದೆ, ಒಂದು ಮೊಳೆಯೂ ಬದಲಾಗದೆ ನಿಂತಿತ್ತು.

ಊರಾಚೆ

ವಿಮಾನಕ್ಕೆ ಇನ್ನೂ ಹೊತ್ತಿತ್ತು. ನೊಯ್ ನಮ್ಮನ್ನು ಬಂಗಾರಮ್ಮನ ಹೊಸ ಮನೆಗೆ ಕರೆದುಕೊಂಡು ಹೋದಳು. ಹೆದ್ದಾರಿ ಬದಿಯ ಬಡಾವಣೆ, ಸಿಮೆಂಟಿನ ಮನೆ, ಮೇಲೆ ತಗಡು. ನಮ್ಮ ಮೂಡಿಗೆರೆ ರಸ್ತೆಯ ಹೊಸ ಲೇಔಟುಗಳ ಹಾಗೆಯೇ. ಹತ್ತಿರದಲ್ಲಿ ದೇವಸ್ಥಾನವಿಲ್ಲ, ಭಿಕ್ಷುಗಳು ಆ ಕಡೆ ಬರುವುದಿಲ್ಲ. ಅಡುಗೆಮನೆಯಲ್ಲಿ ಅನ್ನ ಬೆಂದಿತ್ತು. ಎಂದಿನ ಹಾಗೆ ಎದ್ದು ಬೇಯಿಸಿಬಿಟ್ಟಿದ್ದಳಂತೆ, ಆಮೇಲೆ ಹೊರಡಲು ಮನಸ್ಸು ಬರಲಿಲ್ಲವಂತೆ. ಆ ಅನ್ನವನ್ನು ನಮಗೇ ಬಡಿಸಿದಳು. ಒಂದು ಅಗುಳೂ ಬಿಡದೆ ತಿಂದೆವು.

ಅತ್ತಿಗೆ ಅವಳ ಕೈ ಹಿಡಿದುಕೊಂಡು ಕನ್ನಡದಲ್ಲೇ ಹೇಳಿದರು. "ನನ್ನಿಂದ ಆಗಿದ್ದು ಬಂಗಾರಮ್ಮ. ತಪ್ಪಾಯ್ತು." ನೊಯ್ ತರ್ಜುಮೆ ಮಾಡುವ ಮೊದಲೇ ಬಂಗಾರಮ್ಮ ಬೇಡ ಬೇಡ ಎಂದು ತಲೆಯಾಡಿಸಿದಳು.

ಆಮೇಲೆ ನಿಮ್ಮ ಊರಿನಲ್ಲೂ ಭಿಕ್ಷೆಗೆ ಬರುತ್ತಾರಾ ಎಂದು ಕೇಳಿದಳು. ಸೋಮವಾರ ಬರುತ್ತಾರೆ, ನಾವು ಬೇಯಿಸಿದ ಅನ್ನವಲ್ಲ, ಅಕ್ಕಿ ಕೊಡುತ್ತೇವೆ, ಮನೆಯ ಜಗಲಿ ಮೇಲೆ ನಿಂತು ಕೊಡುತ್ತೇವೆ ಎಂದೆ. ಬಂಗಾರಮ್ಮ ಒಳಗೆ ಹೋದಳು. ಮರುದಿನಕ್ಕೆಂದು ನೆನೆಹಾಕಲು ತೆಗೆದಿಟ್ಟಿದ್ದ ಅಂಟಕ್ಕಿಯನ್ನು ಒಂದು ಬಟ್ಟೆಯ ಚೀಲಕ್ಕೆ ಸುರಿದು, ಬಾಯಿ ಕಟ್ಟಿ ತಂದು ಅತ್ತಿಗೆಯ ಮಡಿಲಿಗಿಟ್ಟಳು. "ಬುನ್‌ಮಾ" ಎಂದಳು. ಅಷ್ಟೇ. ನೊಯ್ ತರ್ಜುಮೆ ಮಾಡಲಿಲ್ಲ, ಮಾಡಬೇಕಾಗಿರಲಿಲ್ಲ.

ಆಲ್ದೂರು

ಬಂದ ಮೊದಲ ಸೋಮವಾರ ನಾನು ಬೆಳಗ್ಗೆಯೇ ಅಂಗಡಿ ಬಿಟ್ಟು ತವರುಮನೆಗೆ ಹೋದೆ. ಪೇಟೆಯ ಕೆಳಗಡೆಯಿಂದ ರಸ್ತೆ ಕೆಲಸ ಶುರುವಾಗಿ, ಮೂರನೇ ಮನೆಯ ಜಗಲಿಯವರೆಗೂ ಯಂತ್ರ ಬಂದಿತ್ತು. ಅಯ್ಯನವರು ಆ ಕಲ್ಲುಮಣ್ಣಿನ ಗುಡ್ಡೆಗಳನ್ನು ದಾಟಿಕೊಂಡು, ಕೈಗಂಟೆ ಅಲ್ಲಾಡಿಸುತ್ತಾ ನಿಧಾನಕ್ಕೆ ಬಂದರು. ಈ ಬೀದಿಯಲ್ಲೂ ಈಗ ಭಿಕ್ಷೆ ಹಾಕುವ ಮನೆಗಳು ಬೆರಳೆಣಿಕೆಯಷ್ಟೇ, ಉಳಿದವೆಲ್ಲ ಮೊಬೈಲ್ ಅಂಗಡಿ, ಬೇಕರಿ.

ಅತ್ತಿಗೆ ಮೊರದಲ್ಲಿ ನಮ್ಮ ಅಕ್ಕಿ ತಂದು ಹಾಕಿದರು. ಆಮೇಲೆ ಆ ಬಟ್ಟೆಯ ಚೀಲ ಬಿಚ್ಚಿ, ಬೊಗಸೆ ತುಂಬ ಅಂಟಕ್ಕಿ ತೆಗೆದು ಜೋಳಿಗೆಗೆ ಸುರಿದರು.

"ಇದ್ಯಾವ ಅಕ್ಕಿ ತಾಯಿ? ಸುಣ್ಣದ ಹಂಗೆ ಬೆಳ್ಳಗಿದೆ" ಎಂದು ಅಯ್ಯನವರು ಕೇಳಿದರು.

"ದೂರದವರೊಬ್ಬರ ಮನೇದು ಅಯ್ನೋರೆ. ಅವರ ಯಜಮಾನರ ಹೆಸರಲ್ಲಿ. ಅವರಿಗೆ ಅಲ್ಲಿ ಕೊಡೋಕೆ ಜಾಗ ಇಲ್ಲದಂಗಾಗಿದೆ."

ಅಯ್ಯನವರು ಜೋಳಿಗೆಯ ಬಾಯಿ ಮುಚ್ಚಿ, "ಒಳ್ಳೇದಾಗ್ಲಿ" ಎಂದರು. ಅತ್ತಿಗೆ ಬಗ್ಗಿದರು. ಪಾದದ ಹತ್ತಿರ ಹೋದ ಕೈ ಒಂದು ಗಳಿಗೆ ಅಲ್ಲೇ ತಡೆಯಿತು. ಆಮೇಲೆ ಮುಟ್ಟಿ ಕಣ್ಣಿಗೆ ಒತ್ತಿಕೊಂಡರು.

ಅಯ್ಯನವರು ಹೋದ ಮೇಲೆ ಅತ್ತಿಗೆ ಒಳಗಿನಿಂದ ಒಂದು ತಂಬಿಗೆ ನೀರು ತಂದು ಜಗಲಿಯ ಮೇಲೆ ನಿಂತು ಆಚೀಚೆ ನೋಡಿದರು. ಅವರು ಏನು ಹುಡುಕುತ್ತಿದ್ದಾರೆ ಎಂದು ನನಗೆ ಗೊತ್ತಾಯಿತು. ಪೇಟೆಬೀದಿ, ಮನೆ ಮುಂದೆ ಒಂದು ಗಿಡವೂ ಇಲ್ಲ.

"ಹಿತ್ತಲಿಗೆ ಹೋಗಿ ಹೊಯ್ಯಿರಿ ಅತ್ತಿಗೆ, ನುಗ್ಗೆ ಮರ ಇದೆಯಲ್ಲ" ಎಂದೆ.

ಅವರು ಕೇಳಿಸಿಕೊಳ್ಳಲಿಲ್ಲ. ಬಾಗಿಲ ಬಲಗಡೆಯ ಹೊನ್ನೆ ಕಂಬದ ಹತ್ತಿರ ಹೋಗಿ ಕುಕ್ಕರುಗಾಲಲ್ಲಿ ಕುಳಿತರು. ಮೂವತ್ತು ವರ್ಷ ಮರದ ವ್ಯಾಪಾರ ಮಾಡಿದ ನನಗೆ, ಹಾಗೆ ಬುಡಕ್ಕೆ ನೀರು ಕುಡಿಸಬೇಡಿ, ಕಂಬ ಹಾಳಾಗುತ್ತದೆ ಎಂಬ ಮಾತು ಬಾಯಿ ತುದಿಗೆ ಬಂದಿತ್ತು. ಆ ಮ್ಯಾನೇಜರು ಹೇಳಿದ ಮಾತೇ ಅದು ಎಂದು ನೆನಪಾಗಿ ನುಂಗಿಕೊಂಡೆ.

"ಇದೂ ಮರವೇ ಅಲ್ವೇನೇ ಮಾರಾಯ್ತಿ" ಎಂದರು ಅತ್ತಿಗೆ. ಬುನ್‌ಮಾ ಎಂದು ಹೆಸರು ಹೇಳಿ ನೀರು ಹೊಯ್ದರು.

ಅಂಗಿಯ ಜೇಬಿನಲ್ಲಿ ಕೈ ಇಟ್ಟುಕೊಂಡು ಅಣ್ಣ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ನನ್ನ ಫೋನು ಬಡಿದುಕೊಳ್ಳುತ್ತಿತ್ತು, ಗೋಣಿಬೀಡಿನವರದೇ. ನಾನು ತೆಗೆಯಲಿಲ್ಲ. ನೀರು ಕಂಬದ ಕೆಳಗಿನ ಕಲ್ಲನ್ನು ಸುತ್ತಿ, ಜಗಲಿಯ ಅಂಚಿಗೆ ಬಂದು, ಕೆಂಪು ಗೆರೆಯ ಮೇಲೆ ಹರಿದು ರಸ್ತೆಗೆ ಇಳಿಯಿತು. ಬಣ್ಣ ಅಳಿಯಲಿಲ್ಲ.